ಎಣ್ಣಿ ಕಲಸುವವಳ ಕೈಗೆ ಯಾವ ಗ್ಲೌಸ್? 780 ರೂಪಾಯಿಯ ಸ್ಪ್ರೇ ಕಿಟ್ ಎರಡು ಹಂಗಾಮು ಬಳಸಿದ ಮೇಲೆ

ಎಣ್ಣಿ, ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ, ಮೈಗೆ ತಾಗದಿರಲಿ ಎಂದು ಕೊಂಡ ಕಿಟ್‌ನ ಪ್ಲಾಸ್ಟಿಕ್ ಚೀಲದೊಳಗೆ ಇದ್ದ ಸಾಮಾನು ಇಷ್ಟು: ಮೊಣಕಾಲಿನವರೆಗೆ ಬರುವ ತೆಳ್ಳನೆಯ ನೀಲಿ ಕೋಟು, ಟೋಪಿ, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ, ಬಟ್ಟೆಯ ಎರಡು ಮಾಸ್ಕ್, ಒಂದು ಜೊತೆ ಗ್ಲೌಸ್, ಚಪ್ಪಲಿ ಮೇಲೆ ಎಳೆದುಕೊಳ್ಳುವ ಪ್ಲಾಸ್ಟಿಕ್ ಕವರ್. ಚೀಲದ ಮೇಲೆ, ಬೆನ್ನಿಗೆ ಪಂಪು ಏರಿಸಿಕೊಂಡು ನಗುತ್ತಿರುವ ಗಂಡಸಿನ ಚಿತ್ರ. 2023ರ ಜೂನ್‌ನಲ್ಲಿ ಹತ್ತಿ ಬೀಜ ತರಲು ಪೇಟೆಗೆ ಹೋದಾಗ ಗೊಬ್ಬರದ ಅಂಗಡಿಯಲ್ಲಿ 780 ರೂಪಾಯಿ ಕೊಟ್ಟು ತಂದೆ. ಇಂಥ ಕಿಟ್‌ಗಳು ಹತ್ತಾರು ಹೆಸರಿನಲ್ಲಿ ಸಿಗುತ್ತವೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಂಪನಿಯ ಹೆಸರು ಬರೆಯುವುದಿಲ್ಲ. ಒಂದೊಂದು ಸಾಮಾನೂ ಹೊಲದಲ್ಲಿ ಹೇಗೆ ಬಾಳಿಕೆ ಬಂತು, ಯಾವುದು ಕೈಕೊಟ್ಟಿತು ಎಂಬುದನ್ನು ಬರೆಯುತ್ತೇನೆ.

ದುಡ್ಡು ಕೊಡುವಾಗ ಅಂಗಡಿಯ ಹುಡುಗ, "ಅಕ್ಕಾರ, ಸೈಜು ನಿಮ್ಮ ಮನ್ಯಾವ್ರಿಗೆ ಬರ್ತೈತಿ, ತಗೋರಿ" ಅಂದ. ನನಗೇ ಬೇಕಪ್ಪಾ ಅಂದೆ. "ನೀವು ಎಣ್ಣಿ ಹೊಡಿತೀರೇನ್ರಿ?" ಅಂತ ಕೇಳಿದ. ಹೊಡೆಯುವುದಿಲ್ಲ, ಕಲಸುತ್ತೇನೆ ಅಂದೆ. "ಕಲಸಾಕ ಯಾಕ್ರಿ ಕಿಟ್ಟು?" ಅಂದ. ಅವನನ್ನು ದೂರುವುದಿಲ್ಲ. ಅದಕ್ಕೆ ಹಿಂದಿನ ವರ್ಷದವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ನಮ್ಮದು ಬ್ಯಾಡಗಿ ತಾಲ್ಲೂಕು. ನಾಲ್ಕು ಎಕರೆ ಹೊಲ. ಎರಡು ಎಕರೆ ಹತ್ತಿ, ಒಂದೂವರೆ ಎಕರೆ ಮೆಣಸಿನಗಿಡ, ಉಳಿದದ್ದು ಗೋವಿನಜೋಳ. ಹಳೇ ಮೈಸೂರಿನ ಕಡೆಯವರು ಔಷಧಿ ಹೊಡೆಯುವುದು ಅನ್ನುವುದಕ್ಕೆ ನಾವು ಎಣ್ಣಿ ಹೊಡೆಯುವುದು ಅನ್ನುತ್ತೇವೆ. ನಮ್ಮ ಮನೆಯವರು ಹೊಡೆಯುತ್ತಾರೆ. ನಾನು ಬಾವಿಯಿಂದ ನೀರು ಹೊತ್ತು, ಎಣ್ಣಿ ಕಲಸಿ, ಪಂಪು ತುಂಬಿಸಿ ಬೆನ್ನಿಗೆ ಏರಿಸಿ ಕಳಿಸುತ್ತೇನೆ. ಅವರು ಸಾಲು ಮುಗಿಸಿ ಬರುವುದರೊಳಗೆ ಮುಂದಿನ ಪಂಪು ತಯಾರಿರಬೇಕು. ಮದುವೆಯಾಗಿ ಬಂದಾಗಿನಿಂದ ಇದೇ ನಡೆದಿದೆ. ನಮ್ಮ ಮನೆಯಲ್ಲಿ ಅಷ್ಟೇ ಅಲ್ಲ, ಊರಿನ ಯಾವ ಹೊಲಕ್ಕೆ ಹೋದರೂ ಬದುವಿನ ಮೇಲೆ ಬಕೆಟ್ಟಿನ ಪಕ್ಕ ಕೂತಿರುವವಳು ಹೆಂಗಸೇ.

2022ರ ಸೆಪ್ಟೆಂಬರ್, ಗಣಪತಿ ಕಳಿಸಿ ಹತ್ತು ದಿನ ಆಗಿರಬಹುದು. ಹತ್ತಿಗೆ ಪ್ರೊಫೆನೊಫಾಸ್ ಎಂಬ ಎಣ್ಣಿ ಹೊಡೆಯುವುದಿತ್ತು. ಲೀಟರ್ ನೀರಿಗೆ 2 ಎಂ.ಎಲ್., ಅಂದರೆ 16 ಲೀಟರಿನ ಪಂಪಿಗೆ 32 ಎಂ.ಎಲ್. ಮುಚ್ಚಳದಲ್ಲಿ ಅಳೆದು, ಬಕೆಟ್ಟಿಗೆ ಸುರಿದು, ಕಟ್ಟಿಗೆಯಿಂದ ತಿರುವಿ ಪಂಪಿಗೆ ಹುಯ್ಯುವುದು. ಎಕರೆಗೆ ಹತ್ತು ಪಂಪು ಹಿಡಿದರೂ ಇಪ್ಪತ್ತು ಸಲ ಬಾಟಲಿ ಎತ್ತಬೇಕು. ಪ್ರತಿ ಸಲವೂ ಮುಚ್ಚಳದ ಅಂಚಿನಿಂದ ಬೆರಳಿಗೆ ಒಂದೆರಡು ಹನಿ ಇಳಿಯುತ್ತದೆ. ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ. ಬೆವರು ಬಂದರೆ ಅದೇ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದೆ.

ಹನ್ನೆರಡನೆಯದೋ ಹದಿಮೂರನೆಯದೋ ಪಂಪಿನ ಹೊತ್ತಿಗೆ ಮೂಗು ಸೋರತೊಡಗಿತು. ನೆಗಡಿ ಅಂದುಕೊಂಡೆ. ತಲೆ ಸಿಡಿಯುತ್ತಿತ್ತು, ಬಿಸಿಲು ಅಂದುಕೊಂಡೆ. ಬಾಯಲ್ಲಿ ನೀರು ಊರಿ ಊರಿ ಬರುತ್ತಿತ್ತು, ಉಗುಳಿದಷ್ಟೂ ತುಂಬುತ್ತಿತ್ತು. ಆಮೇಲೆ ಮಟಮಟ ಮಧ್ಯಾಹ್ನ ಮೋಡ ಕವಿದ ಹಾಗೆ ಕಣ್ಣೆದುರು ಮಂಕಾಯಿತು. ಹೊಟ್ಟೆ ಹಿಂಡಿ ವಾಂತಿ ಆಯಿತು. ಎಡಗಣ್ಣಿನ ರೆಪ್ಪೆ ತನ್ನಷ್ಟಕ್ಕೆ ಪಟಪಟ ಅದುರುತ್ತಿತ್ತು, ಬೆರಳಿನಿಂದ ಒತ್ತಿ ಹಿಡಿದರೂ ನಿಲ್ಲಲಿಲ್ಲ. ನಮ್ಮವರು ಸಾಲಿನ ತುದಿಯಿಂದ ಬಂದು ನೋಡುವಷ್ಟರಲ್ಲಿ ಬೇವಿನ ಮರದ ಬುಡಕ್ಕೆ ಒರಗಿದ್ದೆ. ಪಕ್ಕದ ಹೊಲದವರ ಗೂಡ್ಸ್ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಮೈಮೇಲೆ ಅದೇ ಸೀರೆ. ಅದನ್ನು ಬಿಚ್ಚಿಸಿ ಮೈ ತೊಳೆಯಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೇಳಿದ ಮೊದಲ ಮಾತು, "ಏನು ಕುಡಿದಿದ್ದಾರೆ?" ಎರಡನೆಯದು, "ಮನೆಯಲ್ಲಿ ಜಗಳ ಆಗಿತ್ತಾ?" ಕುಡಿದಿಲ್ಲ ಎಂದು ನಮ್ಮವರು ಎಷ್ಟು ಹೇಳಿದರೂ ನಂಬುವವರಿರಲಿಲ್ಲ. ವಿಷದ ಕೇಸು ಬಂದರೆ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರ ಕರ್ತವ್ಯ, ಅದು ಸರಿಯೇ. ಆದರೆ ವಾರ್ಡಿನ ಬಾಗಿಲಲ್ಲಿ ಪೊಲೀಸರು ನನ್ನ ಅತ್ತೆಯನ್ನು ನಿಲ್ಲಿಸಿ, ಸೊಸೆಗೆ ಏನು ಕಷ್ಟ ಕೊಟ್ಟಿರಿ ಎಂದು ಕೇಳಿದ್ದನ್ನು ಆಕೆ ಇವತ್ತಿಗೂ ಮರೆತಿಲ್ಲ. ನಮ್ಮ ಕಡೆ ಎಣ್ಣಿ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕುಡಿದು ಸತ್ತವರೇ. ದುಡಿಯುತ್ತಾ ಚರ್ಮದಿಂದ ವಿಷ ಏರಿಸಿಕೊಂಡವರ ಲೆಕ್ಕ ಯಾರ ಬಾಯಲ್ಲೂ ಇಲ್ಲ.

ಪುಣ್ಯಕ್ಕೆ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಬೆರಳು ಹಿಡಿದು ನೋಡಿದರು. ಸೆರಗಿನಿಂದ ಬೆಳ್ಳುಳ್ಳಿಯಂಥ ಘಾಟು ಬರುತ್ತಿತ್ತು. ತಕ್ಷಣ ಸೀರೆ ರವಿಕೆ ತೆಗೆಸಿ, ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ ತೊಳೆಸಿದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿತ್ತಂತೆ, ಅದಕ್ಕೇ ನನಗೆ ಕತ್ತಲೆ ಕಂಡದ್ದು. ವಿಷಕ್ಕೆ ಮದ್ದಾಗಿ ಅಟ್ರೋಪಿನ್ ಕೊಟ್ಟರು, ಪ್ರಾಲಿಡಾಕ್ಸಿಮ್ ಕೊಟ್ಟರು. ಬಾಯಿ ಮರುಭೂಮಿಯ ಹಾಗೆ ಒಣಗಿತು, ರಾತ್ರಿಯೆಲ್ಲ ಏನೇನೋ ಬಡಬಡಿಸಿದೆನಂತೆ. ಮರುದಿನ ಹಗುರಾಗಿ, ಮನೆಗೆ ಹೋಗುತ್ತೇನೆ ಅಂದೆ. ಬಿಡಲಿಲ್ಲ. ಈ ಜಾತಿಯ ವಿಷದಲ್ಲಿ ಎಲ್ಲ ಸರಿಹೋಯಿತು ಅನ್ನಿಸಿದ ಮೇಲೆ, ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯು ಸೋಲಬಹುದು ಎಂದು ಆ ಡಾಕ್ಟರಮ್ಮ ಕೂತು ವಿವರಿಸಿದರು. ದಿನಕ್ಕೆ ಹಲವು ಸಲ ಬಂದು, ದಿಂಬಿನಿಂದ ತಲೆ ಎತ್ತಿ ತೋರಿಸು ಅನ್ನುತ್ತಿದ್ದರು. ಐದು ದಿನ ಇದ್ದೆ. ನರಗಳು ಕಳಿಸುವ ಸುದ್ದಿಯನ್ನು ಹೊತ್ತೊಯ್ಯುವ ರಾಸಾಯನಿಕ ಮೈಯಲ್ಲಿ ಇರುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಒಡೆಯಲು ಒಂದು ಕಿಣ್ವ ಇರುತ್ತದೆ, ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ, ಅದು ಪೂರ್ತಿ ಮರಳಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು ಎಂದು ಹೇಳಿ, ಮೂರು ತಿಂಗಳು ಎಣ್ಣಿಯ ಹತ್ತಿರ ಸುಳಿಯಬೇಡ ಎಂದು ಕಳಿಸಿದರು.

ಮನೆಗೆ ಬಂದು ಮಲಗಿದ್ದಾಗ ಒಂದು ಲೆಕ್ಕ ಹಾಕಿದೆ. ಲೀಟರಿಗೆ 2 ಎಂ.ಎಲ್. ಅಂದರೆ ಐನೂರಕ್ಕೆ ಒಂದು. ಪಂಪಿನಿಂದ ನಮ್ಮವರ ಬೆನ್ನಿಗೆ ಸೋರುವುದು ಐನೂರು ಪಟ್ಟು ನೀರಾದ ಎಣ್ಣಿ. ನನ್ನ ಬೆರಳಿಗೆ ತಾಗುವುದು ಬಾಟಲಿಯಲ್ಲಿದ್ದ ಹಾಗೆಯೇ ಇರುವ ಎಣ್ಣಿ. ನನ್ನ ಬೆರಳಿನ ಒಂದು ಹನಿಯಲ್ಲಿರುವ ವಿಷ, ಅವರ ಬೆನ್ನಿನ ಐನೂರು ಹನಿಯಲ್ಲಿದೆ. ಹೊಡೆಯುವವರಿಗೆ ಮುಖಕ್ಕೆ ಟವೆಲ್ ಸುತ್ತಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಕಲಸುವವಳಿಗೆ ಏನಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ಮುಂದೆ ಬರೆಯುವುದೆಲ್ಲ ಬಕೆಟ್ಟಿನ ಕಡೆಯಿಂದ ನೋಡಿದ್ದು.

ಗ್ಲೌಸಿನಿಂದಲೇ ಶುರು ಮಾಡುತ್ತೇನೆ. ಕಿಟ್‌ನಲ್ಲಿ ಅತಿ ಮುಖ್ಯವಾದದ್ದೂ ಅದೇ, ಅತಿ ಕೆಟ್ಟದ್ದೂ ಅದೇ. ಆಸ್ಪತ್ರೆಯಲ್ಲಿ ಹಾಕುವಂಥ ತೆಳು ಲೇಟೆಕ್ಸ್, ಮಣಿಕಟ್ಟಿಗೆ ನಿಲ್ಲುತ್ತದೆ. ಐದನೇ ಪಂಪಿನ ಹೊತ್ತಿಗೆ ಹೆಬ್ಬೆರಳಿನ ಜಾಗ ಉಬ್ಬಿ ಅಂಟಂಟಾಯಿತು, ಏಳನೆಯದಕ್ಕೆ ಹರಿಯಿತು. ಅದಕ್ಕೆ ಕಾರಣವಿದೆ. ಬಾಟಲಿಯ ಮೇಲೆ ಇ.ಸಿ. ಎಂದು ಬರೆದಿದ್ದರೆ, ವಿಷವನ್ನು ಪೆಟ್ರೋಲಿಯಂ ಜಾತಿಯ ದ್ರಾವಕದಲ್ಲಿ ಕರಗಿಸಿದ್ದಾರೆ ಎಂದು ಅರ್ಥ. ನೀರಿಗೆ ಹಾಕಿದೊಡನೆ ಹಾಲಿನ ಹಾಗೆ ಬೆಳ್ಳಗಾಗುತ್ತದಲ್ಲ, ಅದೇ. ಆ ದ್ರಾವಕ ತೆಳು ಲೇಟೆಕ್ಸನ್ನು ಮೆತ್ತಗೆ ಮಾಡಿ ದಾಟಿಬಿಡುತ್ತದೆ. ಗ್ಲೌಸಿನೊಳಗೆ ಬಂದ ವಿಷ ಬೆವರಿನ ಜೊತೆ ಸೇರಿ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ಬರಿಗೈ ಆಗಿದ್ದರೆ ತೊಳೆದುಕೊಳ್ಳಬೇಕು ಎಂದಾದರೂ ಅನ್ನಿಸುತ್ತಿತ್ತು. ಇಲ್ಲಿ ರಕ್ಷಣೆ ಇದೆ ಎಂಬ ಧೈರ್ಯದಲ್ಲಿ ಮೂರು ತಾಸು ಹಾಗೇ ಕೂತಿದ್ದೆ. ಈ ಒಂದು ಕಾರಣಕ್ಕೇ ಕಿಟ್‌ಗೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬೇಕಾದದ್ದು ನೈಟ್ರೈಲ್ ಗ್ಲೌಸ್. ಒಮ್ಮೆ ಹಾಕಿ ಬಿಸಾಡುವ ತೆಳು ನೀಲಿಯದಲ್ಲ; ದಪ್ಪನೆಯದು, ಮೊಣಕೈಗೆ ಹತ್ತಿರ ಬರುವಷ್ಟು ಉದ್ದದ್ದು, ಒಳಗೆ ಬಟ್ಟೆ ಇಲ್ಲದ್ದು. ಬಟ್ಟೆಯ ಒಳಪದರ ಇದ್ದರೆ ಅದು ವಿಷ ಹೀರಿಕೊಂಡು ಕೂತಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ನಮ್ಮ ಪೇಟೆಯಲ್ಲಿ ಸಿಕ್ಕಿದ್ದು 240 ರೂಪಾಯಿಯ ಒಂದು ಜೊತೆ, ಅಳತೆ 9. ನನ್ನ ಕೈಯ ಅಳತೆ 7. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ಜೋಲುತ್ತಿತ್ತು. ಎಣ್ಣಿ ಬಾಟಲಿಯ ಮುಚ್ಚಳ ಬಿಗಿ ಇರುತ್ತದೆ, ಜೋಲುವ ಬೆರಳಿನಲ್ಲಿ ಹಿಡಿತ ಸಿಗುವುದಿಲ್ಲ. ಎರಡು ಸಲ ಬಾಟಲಿ ಜಾರಿತು. ಮೂರನೇ ಸಲ ಗ್ಲೌಸ್ ಕಳಚಿಟ್ಟು ಬರಿಗೈಲೇ ಮುಚ್ಚಳ ತಿರುವಿದೆ. ಅಲ್ಲಿಗೆ ಗ್ಲೌಸ್ ಇದ್ದೂ ಇಲ್ಲದ ಹಾಗೆ. ಕೊನೆಗೆ ಹುಬ್ಬಳ್ಳಿಗೆ ಹೋದಾಗ, ಕಾರ್ಖಾನೆಗಳಿಗೆ ಸುರಕ್ಷತಾ ಸಾಮಾನು ಮಾರುವ ಅಂಗಡಿಯಲ್ಲಿ 7ರ ಅಳತೆ ಸಿಕ್ಕಿತು. ಎರಡನೇ ಹಂಗಾಮು ಪೂರ್ತಿ ಅದರಲ್ಲೇ ಕಳೆದೆ. ಗ್ಲೌಸ್ ಕಳಚುವ ಮೊದಲು ಹಾಕಿಕೊಂಡಿದ್ದಂತೆಯೇ ಸೋಪಿನಿಂದ ತೊಳೆಯಬೇಕು, ಆಮೇಲೆ ಕಳಚಬೇಕು. ತಿಂಗಳಿಗೊಮ್ಮೆ ನೀರು ತುಂಬಿಸಿ ಹಿಂಡಿ ನೋಡಿದರೆ ಸಣ್ಣ ತೂತಿದ್ದರೂ ಗೊತ್ತಾಗುತ್ತದೆ.

ಕೋಟಿನ ವಿಷಯಕ್ಕೆ ಬಂದರೆ, ನಮ್ಮವರು ಮೊದಲ ದಿನ ಅರ್ಧ ತಾಸು ಹಾಕಿಕೊಂಡು ಬಿಸಾಡಿದರು. ಒಳಗೆ ಬೆವರು ಇಳಿದು ಮೈ ಬೆಂದ ಹಾಗೆ ಆಗುತ್ತದೆ. ಅವರಿಗೆ ಬೇಡವಾದದ್ದನ್ನು ನಾನು ತಿರುವುಮುರುವು ಹಾಕಿಕೊಂಡೆ: ಗುಂಡಿ ಬೆನ್ನಿಗೆ ಬರುವ ಹಾಗೆ, ಮುಂದೆ ಸಪಾಟಾಗಿ ಇರುವ ಹಾಗೆ. ಕಲಸುವವಳಿಗೆ ಚಿಮ್ಮುವುದು ಎದೆ ಹೊಟ್ಟೆ ತೊಡೆಯ ಮೇಲೆ, ಬೆನ್ನಿಗಲ್ಲ. ಬೆನ್ನು ತೆರೆದಿದ್ದರಿಂದ ಗಾಳಿ ಆಡುತ್ತದೆ, ಸೀರೆಯ ಮೇಲೂ ಕೂರುತ್ತದೆ. ಹೀಗೆ ಬಳಸಿದರೆ ಕೋಟು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಐದು ಸಲ ತೊಳೆದ ಮೇಲೆ ಹೊಲಿಗೆ ಬಿಚ್ಚಿತು.

ನಮ್ಮವರ ಬೆನ್ನಿಗೆ ಏನು ಮಾಡಿದೆವು ಎಂಬುದನ್ನೂ ಹೇಳಬೇಕು, ಯಾಕೆಂದರೆ ಕಿಟ್‌ನಲ್ಲಿ ಅದಕ್ಕೆ ಏನೂ ಇಲ್ಲ. ಪಂಪಿನ ಮುಚ್ಚಳದ ರಬ್ಬರ್ ವಾಷರ್ ಸವೆದು, ಬಗ್ಗಿದಾಗಲೆಲ್ಲ ಒಂದು ಗುಟುಕು ಬೆನ್ನ ಮೇಲೆ ಸುರಿಯುತ್ತಿತ್ತು. ಎಷ್ಟೋ ವರ್ಷದಿಂದ ಸುರಿಯುತ್ತಿತ್ತು. ಅಂಗಿ ಒದ್ದೆಯಾಗಿ ಸೊಂಟದ ತನಕ ಇಳಿಯುತ್ತಿತ್ತು. ವಾಷರ್‌ನ ಬೆಲೆ 15 ರೂಪಾಯಿ. ಜೊತೆಗೆ ಗೊಬ್ಬರದ ಖಾಲಿ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು, ಎರಡು ಲಾಡಿ ಕಟ್ಟಿ, ಪಂಪಿಗೂ ಬೆನ್ನಿಗೂ ನಡುವೆ ಇಳಿಬಿಟ್ಟೆವು. ಕೃಷಿ ವಿಜ್ಞಾನ ಕೇಂದ್ರದ ತರಬೇತಿಯಲ್ಲಿ ಕೇಳಿದ ಒಂದು ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಮೈಯ ಎಲ್ಲ ಚರ್ಮವೂ ಒಂದೇ ರೀತಿ ವಿಷ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕ ಇಟ್ಟು ಅಳೆದಾಗ, ಮುಂಗೈಯ ಚರ್ಮಕ್ಕಿಂತ ಹಣೆ ನಾಲ್ಕು ಪಟ್ಟು, ಗಂಡಸರ ತೊಡೆಸಂದಿಯ ಚರ್ಮ ಹನ್ನೊಂದು ಪಟ್ಟಿಗೂ ಮೇಲೆ ಹೀರಿತ್ತು. ಬೆನ್ನಿನಿಂದ ಇಳಿದ ನೀರು ಹೋಗಿ ನಿಲ್ಲುವುದು ಎಲ್ಲಿ ಎಂದು ನಮ್ಮವರಿಗೆ ಬಿಡಿಸಿ ಹೇಳಿದ ದಿನವೇ ಅವರು ಸೈಕಲ್ ಹತ್ತಿ ವಾಷರ್ ತಂದರು. ಸೆರಗಿನಿಂದ ಹಣೆ ಒರೆಸಿಕೊಂಡ ನನ್ನ ಕಥೆಗೂ ಅಲ್ಲೇ ಉತ್ತರ ಸಿಕ್ಕಿತು.

ಮಾಸ್ಕ್: ಬಟ್ಟೆಯದು ಎಣ್ಣಿಗೆ ಯಾವ ತಡೆಯೂ ಅಲ್ಲ. ತುಂತುರಿಗೆ ಒದ್ದೆಯಾಗಿ ವಿಷವನ್ನು ಮೂಗು ಬಾಯಿಗೆ ಒತ್ತಿ ಹಿಡಿಯುತ್ತದೆ. ಕೊರೊನಾ ಕಾಲದ ಎನ್-95 ಹನಿಯನ್ನು ಸ್ವಲ್ಪ ತಡೆದರೂ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಡಬ್ಬಿ ಇರುವ ಅರ್ಧಮುಖದ ಮಾಸ್ಕನ್ನು 650 ರೂಪಾಯಿಗೆ ಬೇರೆ ತಂದೆವು. ಮೆಣಸಿನಗಿಡಕ್ಕೆ ಗಾಳಿಯಿಲ್ಲದ ಮುಂಜಾನೆ ಹೊಡೆಯುವಾಗ ನಮ್ಮವರು ಹಾಕುತ್ತಾರೆ. ಹಾಕಿಕೊಂಡಿದ್ದಾಗಲೂ ವಾಸನೆ ಬಂದರೆ ಡಬ್ಬಿಯ ಆಯುಷ್ಯ ಮುಗಿಯಿತು ಎಂದು ಲೆಕ್ಕ. ಕೆಲಸ ಮುಗಿದೊಡನೆ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಬೇಕು, ಗೂಟಕ್ಕೆ ನೇತುಹಾಕಿದರೆ ಇದ್ದಿಲು ಸುಮ್ಮನೆ ಸವೆಯುತ್ತದೆ.

ಕನ್ನಡಕಕ್ಕೆ ಹಬೆ ಹಿಡಿಯುತ್ತದೆ, ಕಲಸಲು ಮುಖಪೂರ್ತಿ ಮುಚ್ಚುವ ಪಾರದರ್ಶಕ ಪರದೆ ಒಳ್ಳೆಯದು. ಟೋಪಿ ಪರವಾಗಿಲ್ಲ. ಚಪ್ಪಲಿಯ ಕವರು ಮೊದಲ ಸಾಲಿನಲ್ಲೇ ಹತ್ತಿಕಟ್ಟಿಗೆಗೆ ಸಿಕ್ಕಿ ಚಿಂದಿಯಾಯಿತು. ಗಂಬೂಟು 380 ರೂಪಾಯಿ, ಪ್ಯಾಂಟು ಬೂಟಿನ ಹೊರಗೆ ಇರಬೇಕು. ಒಳಗೆ ತುರುಕಿದರೆ ಕಾಲ ಮೇಲಿಂದ ಇಳಿದದ್ದೆಲ್ಲ ಬೂಟಿನಲ್ಲಿ ತುಂಬುತ್ತದೆ.

ಇನ್ನು ಅಂಗಡಿ. ಬಿಲ್ಲು ಕೊಡುತ್ತಾರೆ, ಅವಧಿ ಮೀರಿದ ಬಾಟಲಿ ಕೊಟ್ಟದ್ದಿಲ್ಲ, ಹರಿದ ಗ್ಲೌಸ್ ತೋರಿಸಿದಾಗ ಮಾಲೀಕರು ತಕರಾರಿಲ್ಲದೆ ಇನ್ನೊಂದು ಜೊತೆ ಕೊಟ್ಟರು. ಅದೇ ಜಾತಿಯದು, ಆದರೂ ಕೊಟ್ಟರು. ನನ್ನ ಅಸಮಾಧಾನ ಬೇರೆ. ಪ್ರತಿ ಬಾಟಲಿಯ ಮೇಲೂ ವಜ್ರಾಕಾರದ ಗುರುತು ಇರುತ್ತದೆ, ಅದರ ಕೆಳಗಿನ ತ್ರಿಕೋನದ ಬಣ್ಣ ವಿಷದ ಮಟ್ಟ ಹೇಳುತ್ತದೆ. ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹದಿನಾರು ವರ್ಷ ಈ ಬಾಟಲಿಗಳನ್ನು ಹಿಡಿದರೂ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನು ಅದನ್ನು ಕಂಪನಿಯ ಗುರುತು ಅಂದುಕೊಂಡಿದ್ದೆ. ಒಳಗೆ ಮಡಚಿಟ್ಟ ಚೀಟಿಯಲ್ಲಿ ಕನ್ನಡ ಇರುತ್ತದೆ, ವಿಷ ಏರಿದರೆ ಯಾವ ಮದ್ದು ಎಂಬುದೂ ಇರುತ್ತದೆ. ಅಕ್ಷರ ಸಾಸಿವೆಗಿಂತ ಸಣ್ಣದು. ನನ್ನ ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ ಹೇಳಿದಳು. ಕೌಂಟರಿನ ಮೇಲೆ ಆ ನಾಲ್ಕು ಬಣ್ಣದ ಒಂದು ಹಾಳೆ ಅಂಟಿಸಲು ಎಷ್ಟು ಖರ್ಚಾಗುತ್ತದೆ? ಮಾಲೀಕರನ್ನು ಕೇಳಿದೆ. ಆಗಲಿ ಅಂದಿದ್ದಾರೆ.

ಕಾಯ್ದೆಯಲ್ಲಿ ಕೊರತೆ ಇಲ್ಲ. 1958ರಲ್ಲಿ ಕೇರಳದಲ್ಲಿ ಹಡಗಿನಲ್ಲಿ ಆಹಾರದ ಜೊತೆಗೇ ತಂದಿದ್ದ ಪ್ಯಾರಾಥಿಯಾನ್ ಸೋರಿ, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅದರ ನಂತರ ಬಂದದ್ದು 1968ರ ಕೀಟನಾಶಕ ಕಾಯ್ದೆ. 1971ರ ನಿಯಮಗಳಲ್ಲಿ ರಕ್ಷಣೆಯ ಬಟ್ಟೆ, ಉಸಿರಾಟದ ಸಾಧನಗಳ ಬಗ್ಗೆ ಬರೆದೇ ಇದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ನಮ್ಮ ಹಾಗೆಯೇ ಹತ್ತಿಗೆ ಹೊಡೆಯುತ್ತಿದ್ದ ಇಪ್ಪತ್ತರ ಹತ್ತಿರ ರೈತರು, ಕೂಲಿಗಳು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಗ ಟಿ.ವಿ.ಯಲ್ಲಿ ನೋಡಿದ್ದೆ. ಅಷ್ಟೆತ್ತರದ ಹತ್ತಿಯೊಳಗೆ ಬರಿಮೈಲಿ ಹೊಡೆದರೆ ಆಗದೆ ಇರುತ್ತದೆಯೇ ಎಂದು ನಾವು ಮನೆಯಲ್ಲಿ ಮಾತಾಡಿಕೊಂಡು ಸುಮ್ಮನಾದೆವು.

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ ನೆನಪು. 2018ರ ಮುಂಗಾರಿನಲ್ಲಿ ಗೋವಿನಜೋಳಕ್ಕೆ ಫಾಲ್ ಆರ್ಮಿವರ್ಮ್ ಎಂಬ ಹೊಸ ಸೈನಿಕ ಹುಳು ಬಂತು. ಆ ಹುಳು ಭಾರತದಲ್ಲಿ ಮೊದಲು ಕಾಣಿಸಿದ್ದೇ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಭತ್ತದ ತೌಡಿಗೆ ಬೆಲ್ಲದ ನೀರು, ಮೊನೊಕ್ರೊಟೊಫಾಸ್ ಎಂಬ ಎಣ್ಣಿ ಸೇರಿಸಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಸುಳಿಗೆ ಹಾಕುತ್ತಿದ್ದೆವು. ಕಲಸಿದ್ದು ನಾನು ಮತ್ತು ಅತ್ತೆ, ರೊಟ್ಟಿಹಿಟ್ಟು ನಾದುವ ಹಾಗೆ, ಮೊಣಕೈ ತನಕ ಮುಳುಗಿಸಿ. ಮೊನೊಕ್ರೊಟೊಫಾಸ್ ಅಂದರೆ ಕೆಂಪು ತ್ರಿಕೋನ. ಅದೇ ವರ್ಷ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆಸಿ 17 ಜನ ಸತ್ತರು. ಆ ವಿಷವೂ ಅದೇ. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತದ್ದೂ ಅದರಿಂದಲೇ. ತರಕಾರಿಗೆ ಅದನ್ನು ಹೊಡೆಯಬಾರದು ಎಂದು 2005ರಲ್ಲೇ ಆದೇಶವಾಗಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಅದರ 36 ಎಸ್.ಎಲ್. (ನೂರಕ್ಕೆ 36 ಪಾಲು ವಿಷವಿರುವ, ನೀರಿನಲ್ಲಿ ಕರಗುವ ದ್ರವ) ಬಾಟಲಿಯ ಮಾರಾಟ ನಿಲ್ಲಿಸಲು ಒಂದು ವರ್ಷದ ಗಡುವು ಕೊಟ್ಟಿತು. ನಾವು ತೌಡು ಕಲಸಿದ 2018ರ ಆ ಮುಂಗಾರಿನಲ್ಲಿ ಅತ್ತೆಗೆ ಎರಡು ದಿನ ವಾಂತಿ, ತಲೆ ತಿರುಗುವುದು ಆಗಿತ್ತು. ಪಿತ್ತ ಅಂತ ನಿಂಬೆಹಣ್ಣಿನ ಪಾನಕ ಕೊಟ್ಟಿದ್ದೆ.

ಹೊಸ ಸುದ್ದಿಯೂ ಒಂದಿದೆ. 2024ರ ಡಿಸೆಂಬರ್ 17ರಂದು ಕೇಂದ್ರ ಸಚಿವ ಜಿತೇಂದ್ರ ಸಿಂಗ್ 'ಕಿಸಾನ್ ಕವಚ' ಎಂಬ ಉಡುಪು ಬಿಡುಗಡೆ ಮಾಡಿದರು. ಮಾಡಿದವರು ಬೆಂಗಳೂರಿನ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಯವರು, ಸೆಪಿಯೊ ಹೆಲ್ತ್ ಕಂಪನಿಯ ಜೊತೆ ಸೇರಿ. ಅದು ವಿಷವನ್ನು ಬರೀ ತಡೆಯುವ ಬಟ್ಟೆಯಲ್ಲ, ತಾಗಿದ ವಿಷವನ್ನು ಒಡೆದು ನಿರುಪದ್ರವಿ ಮಾಡುವ ಬಟ್ಟೆ. ನನಗೆ ಆಸ್ಪತ್ರೆಯಲ್ಲಿ ಕೊಟ್ಟ ಪ್ರಾಲಿಡಾಕ್ಸಿಮ್ ಸೇರಿದ ಆಕ್ಸಿಮ್ ಗುಂಪಿನ ರಾಸಾಯನಿಕವನ್ನೇ ನೂಲಿಗೆ ಬೆಸೆದಿದ್ದಾರೆ ಎಂದು ಓದಿದಾಗ ಮೈ ಜುಮ್ಮೆಂದಿತು. ಆ ಮದ್ದು ನನ್ನ ಮೈಯೊಳಗೆ ವಿಷ ಕಟ್ಟಿಹಾಕಿದ್ದ ಕಿಣ್ವವನ್ನು ಬಿಡಿಸುವಂಥದ್ದು, ಈ ಬಟ್ಟೆ ವಿಷವನ್ನು ಚರ್ಮದ ಹೊರಗೇ ಒಡೆದು ಮುಗಿಸುತ್ತದೆ. 150 ಸಲ ತೊಳೆಯಬಹುದಂತೆ. ಬಿಡುಗಡೆಯಾದಾಗ ಬೆಲೆ ಸುಮಾರು 4,000 ರೂಪಾಯಿ ಇತ್ತು, ಅಂದರೆ ಆಗಿನ ಹೆಚ್ಚುಕಡಿಮೆ ಎರಡು ಕ್ವಿಂಟಲ್ ಗೋವಿನಜೋಳದ ದುಡ್ಡು. ನಾನಿನ್ನೂ ತೊಟ್ಟು ನೋಡಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಪಂಪಿಗೆ, ಡ್ರಿಪ್ಪಿಗೆ ಸಬ್ಸಿಡಿ ಕೊಡುವ ಇಲಾಖೆ ಇದಕ್ಕೂ ಕೊಡಲಿ ಎಂದು ಮನಸಾರೆ ಕೇಳುತ್ತೇನೆ. ಕೊಡುವಾಗ ಸೀರೆ ಉಡುವವರ ಅಳತೆಯಲ್ಲೂ ಹೊಲಿಸಲಿ.

ಈಗಲೇ ಕಿಟ್ ಕೊಳ್ಳಬೇಕು ಅನ್ನುವವರಿಗೆ: 780 ರೂಪಾಯಿಯ ಚೀಲ ಬಿಡಿ. ಅಳತೆಗೆ ಸರಿಯಾದ ದಪ್ಪ ನೈಟ್ರೈಲ್ ಗ್ಲೌಸ್, ಗಂಬೂಟು, ಪಂಪಿಗೆ ಹೊಸ ವಾಷರ್, ಮುಂದಕ್ಕೆ ಕಟ್ಟಿಕೊಳ್ಳಲು ಪ್ಲಾಸ್ಟಿಕ್ ಹಾಳೆ. ಎಲ್ಲ ಸೇರಿ 700ರೊಳಗೆ ಆಗುತ್ತದೆ. ಇನ್ನೂ ದುಡ್ಡಿದ್ದರೆ ಇದ್ದಿಲಿನ ಮಾಸ್ಕ್. ಅಳೆಯಲು ಬಾಟಲಿಯ ಮುಚ್ಚಳದ ಬದಲು ಮೂತಿ ಇರುವ ಅಳತೆಲೋಟ ತನ್ನಿ, 30 ರೂಪಾಯಿ, ಬೆರಳಿಗೆ ಹನಿ ಇಳಿಯುವುದೇ ನಿಲ್ಲುತ್ತದೆ. ಹೊಡೆದ ಬಟ್ಟೆಯನ್ನು ಬೇರೆ ಬುಟ್ಟಿಯಲ್ಲಿಟ್ಟು, ಗ್ಲೌಸ್ ಹಾಕಿಕೊಂಡೇ ಒಗೆಯಿರಿ. ಆ ನೀರನ್ನು ಹಳ್ಳಕ್ಕಾಗಲಿ, ಬಾವಿಯ ಹತ್ತಿರವಾಗಲಿ ಚೆಲ್ಲಬೇಡಿ. ಮಕ್ಕಳ ಬಟ್ಟೆಯ ಜೊತೆ ಅದನ್ನು ನೆನೆಹಾಕಿದ ದಿನಗಳು ನನಗಿವೆ.

ಯಾರಿಗಾದರೂ ಹೊಲದಲ್ಲಿ ಜೊಲ್ಲು, ಬೆವರು, ಕಣ್ಣು ಮಂಕು, ವಾಂತಿ, ಮೈ ಅದುರುವುದು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಬಟ್ಟೆ ಬಿಚ್ಚಿಸಿ, ಸೋಪು ನೀರಿನಿಂದ ತೊಳೆಯಿರಿ, ತೊಳೆಯುವವರ ಕೈಗೂ ಗ್ಲೌಸ್ ಇರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಬಾಟಲಿಯನ್ನೂ ಒಳಗಿನ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಕಲಸುವಾಗ ಆಯಿತು, ಹೊಡೆಯುವಾಗ ಆಯಿತು ಎಂದು ಹೋದ ಕೂಡಲೇ ಸ್ಪಷ್ಟವಾಗಿ ಹೇಳಿ.

ಕಳೆದ ವಾರ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಟೇಲರ್ ಟೇಪು ಒಯ್ದಿದ್ದೆ. ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತಳತೆ ಎಷ್ಟು ಇಂಚೋ ಅದೇ ಗ್ಲೌಸಿನ ನಂಬರು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂಬತ್ತು ಹೆಸರು ಬರೆದೆವು. ಆರೂವರೆ, ಏಳು, ಏಳು, ಆರೂವರೆ. ಎಂಟು ದಾಟಿದವರು ಯಾರೂ ಇಲ್ಲ. ಅತ್ತೆಯ ಕೈ ಏಳು. ಆ ಹಾಳೆಯನ್ನು ಹರಿದು ಅಂಗಡಿಯ ಮಾಲೀಕರಿಗೆ ಕೊಟ್ಟು ಬಂದೆ. ಹನ್ನೆರಡು ಜೊತೆ ಆದರೆ ಹುಬ್ಬಳ್ಳಿಯಿಂದ ತರಿಸುತ್ತೇನೆ ಅಂದರು. ಇನ್ನು ಮೂವರು ಬೇಕು.